ತುದಿ ಮುರಿದ ಟೇಪು

"ಅಣ್ಣಾ, ಅದನ್ನ ಕೆಳಗಿಡಿ" ಎನ್ನುತ್ತ ಮೇಸ್ತ್ರಿಯ ಮಗಳು ಟ್ರ್ಯಾಕ್ಟರ್ ಡ್ರೈವರನ ಕೈಯಿಂದ ಶಾಫ್ಟನ್ನು ಕಿತ್ತುಕೊಂಡಳು.

ಡ್ರೈವರ್ ಪೆಚ್ಚಾದ. ಅಂಗಳದಾಚೆ ನಡುಕೋಣೆಯಲ್ಲಿ ಅವಳ ಅಪ್ಪನ ಹೆಣವಿತ್ತು. ನಿನ್ನೆ ಸಂಜೆ ಇದೇ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ಹದಿನಾರು ಎಂದು ಬರೆದು, ಟೀ ಕುಡಿಯಲು ಹೋದವನು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಇವತ್ತು ನಾಲ್ಕು ಗಂಟೆಗೆ ಹೆಣ ಎತ್ತುವುದೆಂದು ಮಾತಾಗಿತ್ತು.

"ಮೇಸ್ತ್ರಿ ಗೆರೆ ಹಾಕಿದ್ದಾರಲ್ಲಮ್ಮ, ಬೇರೆ ಕಡೆ ಕೊಯ್ಸ್ಕೋತೀನಿ. ಸಾವಿನ ಮನೇಲಿ ನಿಮಗ್ಯಾಕೆ ತೊಂದ್ರೆ? ಹೊಲ ಕಾಯ್ತಾ ಇದೆ. ಓನರಂತೂ ನನ್ನನ್ನೇ ಉಳೋ ಹಾಗೆ ಬಯ್ತಿದ್ದಾರೆ."

"ಒಬ್ರು ಗೆರೆ ಹಾಕಿದ್ರೆ ಇನ್ನೊಬ್ರು ಅಳೆದೇ ಕೊಯ್ಯೋದು. ನಮ್ಮಂಗಡಿ ಪದ್ಧತಿ. ಇದನ್ನ ನಾನಿನ್ನೂ ಅಳೆದಿಲ್ಲ."

ಚಿಕ್ಕಪ್ಪ ಅಂಗಳ ದಾಟಿ ಬಂದ. "ಒಳಗೆ ಅಪ್ಪ ಮಲಗಿದ್ದಾನೆ, ಇಲ್ಲಿ ನಿಂದು ವ್ಯಾಪಾರಾನಾ? ಟೇಪು ಹಿಡಿಯೋದು ಬಿಟ್ಟು ನಿನಗೇನೇ ಗೊತ್ತು?"

"ಟೇಪು ಹಿಡಿಯೋದೇ ಈಗ ಬೇಕಾಗಿರೋದು, ಚಿಕ್ಕಪ್ಪ."

ಅಂಗಡಿ ಬಾಗಿಲಲ್ಲಿ ಹೊಸ ಟ್ರ್ಯಾಕ್ಟರು, ಅದರ ಹಿಂದೆ ಮಣ್ಣು ಹದ ಮಾಡುವ ರೋಟವೇಟರ್. ಎರಡನ್ನೂ ಜೋಡಿಸುವ ಶಾಫ್ಟೆಂದರೆ ಒಂದರೊಳಗೊಂದು ಜಾರುವ ಎರಡು ಪೈಪು. ಉದ್ದ ಹೆಚ್ಚಾದರೆ ರೋಟವೇಟರ್ ಎತ್ತಿದಾಗ ಅದು ಒಳಗೆ ಜಾರಲು ಜಾಗವಿಲ್ಲದೆ ಗೇರ್‌ಬಾಕ್ಸನ್ನೇ ಒಡೆಯುತ್ತದೆ. ಡ್ರೈವರನಿಂದ ರೋಟವೇಟರನ್ನು ನಿಧಾನಕ್ಕೆ ಎತ್ತಿಸಿ, ಅದು ಟ್ರ್ಯಾಕ್ಟರಿಗೆ ತೀರ ಹತ್ತಿರ ಬಂದ ಕಡೆ ನಿಲ್ಲಿಸಿ, ಪೈಪುಗಳನ್ನು ಅಕ್ಕಪಕ್ಕ ಹಿಡಿದು ಅಳೆದಳು. ಹದಿನಾರು ಸೆಂಟಿಮೀಟರ್ ಕೊಯ್ದು ತೆಗೆಯಬೇಕು. ಅಪ್ಪನ ಲೆಕ್ಕ ಸರಿ.

ಆಮೇಲೆ ಅಪ್ಪನ ಗೆರೆಗೆ ಟೇಪು ಹಿಡಿದಳು. ಪೈಪಿನ ತುದಿಯಿಂದ ಆರೇ ಸೆಂಟಿಮೀಟರ್.

*

ಆಗ ಅವಳಿಗೆ ಎಂಟು ವರ್ಷ. ಅಪ್ಪನ ಹೊಸ ಟೇಪಿನ ತುದಿಯನ್ನು ಕಬ್ಬಿಣ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ತಿರುಚಿದ್ದಳು. ಟಪ್ಪನೆ ಒಂಬತ್ತು ಸೆಂಟಿಮೀಟರ್ ಮುರಿದುಬಂತು. ಬೆನ್ನಿಗೆ ಬೀಳುವ ಏಟಿಗಾಗಿ ಕಣ್ಣುಮುಚ್ಚಿ ನಿಂತಳು.

"ಕಣ್ಬಿಡೇ. ಇನ್ಮೇಲೆ ನಮ್ಮನೇಲಿ ಎಲ್ಲಾ ಹತ್ತರಿಂದ ಶುರು. ಹತ್ತು ಸೇರಿಸ್ಕೊಂಡು ಅಳೆದ್ರಾಯ್ತು, ಮಹಾ ಏನು!"

ಆಮೇಲೆ ಯಾರೆಷ್ಟು ಹೇಳಿದರೂ ಅವನು ಬೇರೆ ಟೇಪು ಕೊಳ್ಳಲಿಲ್ಲ. ಮೂವತ್ತು ವರ್ಷ ಒಮ್ಮೆಯೂ ಹತ್ತು ಸೇರಿಸುವುದನ್ನು ಮರೆತಿರಲಿಲ್ಲ.

*

ನಿನ್ನೆ ಮರೆತಿದ್ದ. ಈ ಗೆರೆಯ ಮೇಲೆ ಬೇರೆ ಯಾರಾದರೂ ಕೊಯ್ದಿದ್ದರೆ ಹೊಸ ಗೇರ್‌ಬಾಕ್ಸು ಒಡೆಯುತ್ತಿತ್ತು. ಮೇಸ್ತ್ರಿಯ ಕಡೇ ಕೆಲಸ ಹೀಗಂತೆ ಎಂದು ಜನ ಆಡಿಕೊಳ್ಳುತ್ತಿದ್ದರು.

"ಏನೇ ಅದು?" ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಏನಿಲ್ಲಮ್ಮ."

ಅಮ್ಮ ಬಗ್ಗಿ ಗೆರೆ ನೋಡಿದಳು, ಟೇಪು ನೋಡಿದಳು. ಟೇಪಿನ ಮುರುಕು ತುದಿ ಎತ್ತಿಕೊಂಡು ಹತ್ತರ ಗುರುತನ್ನು ಪೈಪಿನ ಅಂಚಿಗೆ ಒತ್ತಿದಳು. "ಹತ್ತರಿಂದ ತಾನೇ? ಇಪ್ಪತ್ತಾರಕ್ಕೆ ಎಳಿ" ಎಂದು ದನಿ ತಗ್ಗಿಸಿ, "ನಾನೂ ಒಂದ್ಸಲ ಹೀಗೇ ಕಿಟಕಿ ಪರದೆ ಗಿಡ್ಡ ಮಾಡಿದ್ದೆ. ವಾರವಿಡೀ ನಕ್ಕಿದ್ರು ನಿಮ್ಮಪ್ಪ" ಎಂದಳು.

ಮಗಳು ಎರಡನೇ ಗೆರೆ ಎಳೆದಳು.

"ಎರಡ್ಯಾಕಮ್ಮ?" ಡ್ರೈವರ್ ಕೇಳಿದ.

"ಒಂದು ಅಪ್ಪಂದು, ಒಂದು ನಂದು. ಯಾವಾಗ್ಲೂ ಎರಡು ಹಾಕ್ತೀವಿ."

ಕಟರ್ ಕಿರುಚಿತು. ಅಂಗಳದಲ್ಲಿ ಕೂತವರು ತಿರುಗಿ ನೋಡಿದರು. ಇನ್ನೊಂದು ಪೈಪು, ಮೇಲಿನ ಪ್ಲಾಸ್ಟಿಕ್ ಕವರು, ಎಲ್ಲವನ್ನೂ ಅದೇ ಅಳತೆಗೆ ಕೊಯ್ದು, ಅಂಚಿಗೆ ಅರ ಹಾಕಿ, ಗ್ರೀಸು ಬಳಿದು ಸೇರಿಸಿದಳು. ಡ್ರೈವರ್ ಶಾಫ್ಟ್ ಸಿಕ್ಕಿಸಿ ರೋಟವೇಟರನ್ನು ಎತ್ತಿದ, ಇಳಿಸಿದ. ಪೈಪು ಸದ್ದಿಲ್ಲದೆ ಒಳಗೆ ಜಾರಿತು, ಹೊರಗೆ ಬಂತು.

"ಹೊತ್ತಾಯ್ತು, ಬಾಮ್ಮ" ಎಂದ ಚಿಕ್ಕಪ್ಪ. ಈಗ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಕೊಯ್ದ ತುಂಡು ಇನ್ನೂ ಬಿಸಿಯಿತ್ತು. ಅವಳು ಬಟ್ಟೆಯಲ್ಲಿ ಅದರ ಎರಡು ತುದಿಗಳನ್ನಷ್ಟೇ ಹಿಡಿದು ಎತ್ತಿ, ನಡುವಿನ ಬಿಳಿ ಗೆರೆಗೆ ಬೆರಳು ತಾಗದ ಹಾಗೆ ಟೇಪಿನ ಪಕ್ಕದಲ್ಲಿಟ್ಟು, ಅಪ್ಪನನ್ನು ಎತ್ತಲು ಹೋದಳು.