ಗಲೀನಾಳ ಉಡಿ

ಪರದೇಶದ ಈ ಮಗನ ಮನೆಯ ಕಿಟಕಿಯಿಂದ ಕಾಣುತ್ತದೆ, ಎದುರುಮನೆಯ ಗರಾಜ್ ಬಾಗಿಲು ಏರುತ್ತಿದೆ, ಗಲೀನಾಳ ಮಗಳು ಅಳಿಯ ಕೆಲಸಕ್ಕೆ ಹೊರಟರು, ಅವಳೀಗ ಒಬ್ಬಳೇ, ಹೋಗಬೇಕು — ಯಾವ ಮುಖ ಹೊತ್ತು ಹೋಗಲಿ, ತುಂಬಿದ ಉಡಿಯನ್ನು ವಾಪಸ್ ಕೇಳಿದವರು ನಮ್ಮ ಗದಗಿನಲ್ಲಿ ಯಾರಾದರೂ ಇದ್ದಾರೆಯೇ? ಮೊನ್ನೆ ಇದೇ ಸೋಫಾದಲ್ಲಿ ಕೂತಿದ್ದಳು, ಮಾಲ್ಡೋವಾದವಳು, ನನ್ನ ಮಗಳು ಚೇತನಾ ಕೆಲಸ ಮಾಡುವ ದೇಶ, ನನಗೆ ಹಿಗ್ಗೋ ಹಿಗ್ಗು, ಮೊದಲ ಸಲ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವುದುಂಟೇ, ಇಳಕಲ್ ಸೀರೆ, ಬೆಳ್ಳಿ ಕುಂಕುಮದ ಭರಣಿ, ತೆಂಗಿನಕಾಯಿ, ಅಕ್ಕಿ, ಎಲ್ಲ ಅವಳ ಸ್ವೆಟರಿನ ಉಡಿಗೆ ಹಾಕಿದೆ, ಅದರಲ್ಲೊಂದು ಚಿಟಿಕೆ ಅಕ್ಕಿ ನನಗೆ ತಿರುಗಿ ಹಾಕು ಅಂತ ಕೈಸನ್ನೆಯಲ್ಲಿ ಕಲಿಸಿದೆ, ಹಾಕುವಾಗ ಅವಳ ಕಣ್ಣಲ್ಲಿ ನೀರು, ಆ ಫೋಟೋ ಚೇತನಾಗೆ ಕಳಿಸಿದೆ ನೋಡು, ತಕ್ಷಣ ಅವಳ ಫೋನು — ಅಮ್ಮಾ, ಓ ಮೈ ಗಾಡ್, ಷಿ ಈಸ್ ಅ ಜಡ್ಜ್, ಅವರ ಫೈಲ್ ನನ್ನ ಹತ್ರಾನೇ ಇದೆ. ಆ ದೇಶ ಯೂರೋಪಿನ ಒಕ್ಕೂಟ ಸೇರಬೇಕಾದರೆ ಮೊದಲು ಕೋರ್ಟು ಸರಿಹೋಗಬೇಕಂತೆ, ಯಾವ ಜಡ್ಜಿಗೆ ಮನೆ, ಕಾರು, ಉಡುಗೊರೆ ಎಲ್ಲಿಂದ ಬಂತು ಅಂತ ಜರಡಿ ಹಿಡಿಯುವುದು ನನ್ನ ಮಗಳ ಕೆಲಸ, ಜನ ಒಳ್ಳೇವ್ರೇ ಅಮ್ಮಾ, ಏನಾದ್ರೂ ಕೊಡದೆ ಬಿಡಲ್ಲ, ಆ ಅಭ್ಯಾಸ ಬಿಡಿಸೋದೇ ಕಷ್ಟ, ಅನ್ನುತ್ತಿದ್ದಳು, ನಾನೂ ಹೂಂ ಹೂಂ ಅನ್ನುತ್ತಿದ್ದೆ, ಬೇರೆ ಯಾರದೋ ಅಭ್ಯಾಸ ಅಂದುಕೊಂಡು! ಕೊಟ್ಟಿದ್ದೆಲ್ಲ ವಾಪಸ್ ಬಂದ್ರೆ ಅವರ ಫೈಲ್ ಒಂದನ್ನ ಬೇರೆಯವರಿಗೆ ಬಿಟ್ಟುಕೊಡ್ತೀನಿ, ಇಲ್ಲಾಂದ್ರೆ ಅವರ ಕೆಲಸಾನೂ ಹೋಗತ್ತೆ, ನಂದೂ, ಅಂದಳು. ಅತ್ತಳೋ ಏನೋ, ಫೋನಿನಲ್ಲಿ ಹೇಗೆ ಗೊತ್ತಾಗಬೇಕು, ಆ ಕೆಲಸ ಅಂದರೆ ಪ್ರಾಣ ಅದಕ್ಕೆ.

ಬೆಲ್ ಒತ್ತುವ ಮೊದಲೇ ಗಲೀನಾ ಬಾಗಿಲು ತೆರೆದಳು, ನಿನ್ನೆಯೇ ಅವಳ ಮಗಳಿಗೆ ಎಲ್ಲ ಹೇಳಿದ್ದೆನಲ್ಲ, ಸೀರೆ, ಭರಣಿ, ಕಾಯಿ ಚೀಲದಲ್ಲಿ ಸಿದ್ಧವಾಗಿವೆ, ಯುವರ್ ಡಾಟರ್ ಸ್ಟ್ರಿಕ್ಟ್, ಗುಡ್, ವಿ ನೀಡ್, ಅನ್ನುತ್ತಾಳೆ, ನಗುತ್ತಾಳೆ, ನನ್ನ ಕೆನ್ನೆ ಮುಟ್ಟುತ್ತಾಳೆ, ಅಕ್ಕಿಯನ್ನೂ ಬಿಟ್ಟಿಲ್ಲ ಪುಣ್ಯಾತ್ಗಿತ್ತಿ, ಉಡಿ ಹಿಡಿ ಅಂತ ನನಗೇ ಕೈಸನ್ನೆ, ನಾನು ಸೆರಗೊಡ್ಡಿದೆ, ಸುರಿದಳು, ಆಗ ನನ್ನ ಕೈ ನನ್ನ ಮಾತು ಕೇಳಲಿಲ್ಲ, ಚಿಟಿಕೆ ಅಕ್ಕಿ ತೆಗೆದು ಅವಳ ಅಂಗೈಗೆ ಹಾಕಿಬಿಟ್ಟಿತು — ಬೇಡ ಅನ್ನಬೇಕಿತ್ತು, ಜಡ್ಜು, ಅನ್ನಲಿಲ್ಲ, ಬೆರಳು ಮಡಚಿಕೊಂಡಳು, ಇದನ್ನೂ ನಿನಗೆ ಹೇಳಬೇಕೇನೇ ಚೇತನಾ, ಹೇಳಬೇಕು, ಹೇಳುತ್ತೇನೆ, ಸ್ವಲ್ಪ ತಡಿ, ಅವಳಿನ್ನೂ ಬಾಗಿಲಲ್ಲೇ ನಿಂತಿದ್ದಾಳೆ, ಆ ಮುಷ್ಟಿ, ಬೆರಳ ಸಂದಿಯಲ್ಲೊಂದು ಬಿಳಿ ಕಾಳು, ಆ ಮುಷ್ಟಿ