ಬಾಡಿಗೆಗೆ ಓಡಿದ ಕಾರು

ಸಪ್ನಾ ಗಡಿಯಾಚೆಯ ಮರಾಠಿ ಊರು ಉಮರ್ಗಾದಲ್ಲಿ ಮದುವಣಗಿತ್ತಿಯರನ್ನು ಸಿಂಗರಿಸುತ್ತಿದ್ದಳು. ತಹಸೀಲ ಕಚೇರಿಯ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಸಣ್ಣ ಪಾರ್ಲರು, ಅದರ ಮೇಲೆಯೇ ಮನೆ. ತವರು ಹುಮನಾಬಾದ. ಮದುವೆಯಾಗಿ ಈ ಊರಿಗೆ ಬಂದವಳನ್ನು ಗಂಡ ನಾಲ್ಕನೆಯ ವರ್ಷಕ್ಕೆ ಬಿಟ್ಟು ಹೋದ. ಕೋರ್ಟಿನ ಕಾಗದ ಕೈಗೆ ಬಂದ ಮೇಲೂ ಅವಳು ತವರಿಗೆ ಮರಳಲಿಲ್ಲ. ಗಿರಾಕಿಗಳು ಇಲ್ಲಿದ್ದರು, ಅಣ್ಣನ ಮನೆಯಲ್ಲಿ ಜಾಗವಿರಲಿಲ್ಲ. ಈಗ ಅವಳಿಗೆ ಮೂವತ್ತೊಂಬತ್ತು.

ಲಗ್ನದ ಕೆಲಸಗಳು ನಿಲಂಗಾ, ಉದಗೀರದವರೆಗೂ ಇರುತ್ತಿದ್ದವು. ಮೊದಲು ಸಂಜುಕುಮಾರ ಎನ್ನುವವನ ಜೀಪು ಗೊತ್ತು ಮಾಡಿಕೊಂಡು ಹೋಗುತ್ತಿದ್ದಳು. ಅವನು ಪುಣೆಯಲ್ಲಿ ಕಂಪನಿಯ ಬಸ್ಸು ನಡೆಸಲು ಹೋದ ಮೇಲೆ ಬಸ್ಸೇ ಗತಿಯಾಯಿತು. ಮೇಕಪ್ಪಿನ ಪೆಟ್ಟಿಗೆ ಒಂದು ಸಣ್ಣ ಮಗುವಿನಷ್ಟು ಭಾರ. ಒಮ್ಮೆ ಕಾಸಾರ ಶಿರಶಿಯಲ್ಲಿ ಬಸ್ಸು ಕೆಟ್ಟು ಅವಳು ಲಗ್ನದ ಮನೆ ಮುಟ್ಟುವ ಹೊತ್ತಿಗೆ ಹುಡುಗಿಯ ಅತ್ತಿಗೆಯೇ ಹೇಗೋ ಕಾಡಿಗೆ ಹಚ್ಚಿ, ಜಡೆ ಹೆಣೆದು ಮಂಟಪಕ್ಕೆ ಕಳಿಸಿಯಾಗಿತ್ತು. ಯಾರೂ ಬೈಯಲಿಲ್ಲ. ಊಟ ಮಾಡಿಕೊಂಡು ಹೋಗಿರಿ ಎಂದರು. ಅವಳು ಉಣ್ಣದೆ ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಕಾರು ಕೊಳ್ಳಬೇಕೆಂದು ಅವಳು ನಿರ್ಧರಿಸಿದ್ದು ಅಂದೇ. ಡ್ರೈವಿಂಗ್ ಕ್ಲಾಸಿಗೆ ಸೇರಿ ಲೈಸೆನ್ಸು ತೆಗೆದಳು. ಹೊಸ ಗಾಡಿ ಅವಳ ಕೈಗೆ ಎಟುಕುವಂತಿರಲಿಲ್ಲ. ಲಗ್ನದ ಫೋಟೋ ತೆಗೆಯುವ ನಿಲೇಶ ಒಂದು ದಿನ ಹೇಳಿದ, "ಉದಗೀರದಾಗ ಧೀರಜ ಅಂತ ಒಬ್ಬಾಂವ ಅದಾನ್ರಿ ಅಕ್ಕಾ. ಗಾಡಿ ಬಾಡಿಗಿಗಿ ಕೊಡ್ತಿದ್ದ. ಈಗ ಆ ಧಂದಾ ಬಂದ್ ಮಾಡ್ಲತ್ಯಾನ. ಆರು ಗಾಡಿ ಮಾರಾಕ ಇಟ್ಟಾನ."

ಅವಳು ಹುಮನಾಬಾದಕ್ಕೆ ಫೋನು ಮಾಡಿ ಅಣ್ಣ ಭೀಮಾಶಂಕರನನ್ನು ಕೇಳಿದಳು.

"ಬಾಡಿಗಿ ಗಾಡಿ ಬ್ಯಾಡ," ಅಂದ ಅಣ್ಣ. "ಹತ್ತು ಮಂದಿ ಕೈಯಾಗ ಹಾದು ಬಂದದ್ದು. ಅದಕ್ಕೇನು ಕಿಮ್ಮತ್ತು ಇರ್ತದ?"

ಸಪ್ನಾ ಫೋನು ಇಟ್ಟಳು. ಅವಳಿಗೆ ಎರಡನೆಯ ಸಂಬಂಧ ನೋಡಿದಾಗ ಹುಡುಗನ ಕಡೆಯವರು ಆಡಿದ ಇಂಥದೇ ಮಾತನ್ನು ಇದೇ ಅಣ್ಣ ಬಂದು ಹೇಳಿದ್ದ. ಅವನಿಗೆ ಅದು ನೆನಪಿರಲಿಕ್ಕಿಲ್ಲ.

ಅವಳು ದಿಗಂಬರ ಮಿಸ್ತ್ರಿಯ ಹತ್ತಿರ ಹೋದಳು. ಹೈವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಗ್ಯಾರೇಜು. ವಯಸ್ಸು ಅರವತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಾತು ಕಡಿಮೆ. ಸಂಜುಕುಮಾರನ ಜೀಪು ರಿಪೇರಿಗೆ ನಿಂತಾಗಲೆಲ್ಲ ಸಪ್ನಾ ಅಲ್ಲಿ ಸ್ಟೂಲಿನ ಮೇಲೆ ಕೂತು ಕಾದದ್ದಷ್ಟೇ ಅವರ ಪರಿಚಯ.

"ಕಾಕಾ, ನನ್ನ ಜೋಡಿ ಉದಗೀರಕ್ಕ ಬರ್ತೀರೇನು? ಒಂದು ಗಾಡಿ ನೋಡೂದದ."

ಅವನು ಕೈಯನ್ನು ಚಿಂದಿಯಿಂದ ಒರೆಸಿಕೊಂಡ. "ಯಾವಾಗ?"

ಬುಧವಾರ ಇಬ್ಬರೂ ಬಸ್ಸಿನಲ್ಲಿ ಹೋದರು. ಧೀರಜನ ಅಂಗಳದಲ್ಲಿ ಆರು ಕಾರುಗಳು ಸಾಲಾಗಿ ನಿಂತಿದ್ದವು. ಸಪ್ನಾ ಬಿಳಿ ಬಣ್ಣದ ಒಂದು ಸಣ್ಣ ಕಾರನ್ನು ತೋರಿಸಿದಳು. ದಿಗಂಬರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತ.

"ನಾವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟೀರೇನು?"

"ಇಲ್ರಿ ಮಾಮಾ. ತಣ್ಣಗ ಅದ, ನೋಡ್ರಿ," ಅಂದ ಧೀರಜ.

"ಅದಕ್ಕ ಕೈ ಇಟ್ಟೀನಿ. ಬಿಸಿ ಇಂಜಿನ್ ರೋಗ ಮುಚ್ತದ."

ಅವನು ತಾನೇ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳಿದ. ನೆಲಕ್ಕೆ ಹಳೆಯ ಪೇಪರು ಹಾಸಿ ಗಾಡಿಯ ಕೆಳಗೆ ಮಲಗಿ ತಳ ನೋಡಿದ. ಸೀಟಿನ ಬೆಲ್ಟನ್ನು ಕೊನೆಯತನಕ ಎಳೆದ, ಟಾಯರಿನ ಮೇಲಿನ ತಾರೀಖು ಓದಿದ. ಸರ್ವಿಸ್ ಪುಸ್ತಕದ ಒಂದೊಂದು ಪುಟವನ್ನೂ ಬೆರಳಿಟ್ಟು ತಿರುವಿದ. ಆಮೇಲೆ ಸಪ್ನಾಳನ್ನು ಪಕ್ಕದ ಚಹಾದಂಗಡಿಗೆ ಕರೆದೊಯ್ದ.

"ಬಾಡಿಗಿ ಗಾಡಿಗಿ ಮಾಲಕ ಒಬ್ಬ, ನಡಸಾಂವ ದಿನಾ ಬ್ಯಾರೆ," ಅಂದ. ಅಷ್ಟುದ್ದ ಮಾತಾಡಿದ್ದನ್ನು ಅವಳು ಮೊದಲ ಸಲ ಕೇಳುತ್ತಿದ್ದಳು. "ಗುಂಡಿ ಬಂದ್ರ ಯಾರೂ ಬ್ರೇಕ್ ಒತ್ತೂದಿಲ್ಲ. ತಮ್ಮದಲ್ಲಲ್ಲ. ಕ್ಲಚ್ ಮ್ಯಾಲ ಕಾಲಿಟ್ಟೇ ಓಡಸ್ತಾರ. ಅದಕ್ಕ ಕ್ಲಚ್ ಹೋಗ್ಯಾದ, ಮುಂದಿನ ಸಸ್ಪೆನ್ಶನ್ ಸಡಿಲ ಆಗ್ಯಾದ. ಆದ್ರ ಇಂವಾ ಎಣ್ಣಿ ಬದಲಿ ಮಾಡೂದು ಒಂದು ಸಲನೂ ತಪ್ಪಿಸಿಲ್ಲ. ಮನಿ ಗಾಡಿಗಿ ಮಂದಿ ಇಷ್ಟು ನೋಡೂದಿಲ್ಲ. ಇಂಜಿನ್ ಖರೆ ಅದ."

"ತಗೋಬೇಕೇನು ಬ್ಯಾಡೇನು, ಅದು ಹೇಳ್ರಿ ಕಾಕಾ."

"ಕ್ಲಚ್, ಸಸ್ಪೆನ್ಶನ್ ಅಂವಾ ಮಾಡಿಸಿ ಕೊಟ್ರ ತಗೋ. ಬಾಡಿಗಿ ಗಾಡಿದು ಕಪ್ಪು ನಂಬರ್ ಪಾಟಿ ತೆಗದು ಖಾಸಗಿ ಬಿಳಿ ಪಾಟಿ ಮಾಡೂ ಕಾಗದನೂ ಅವನ ಮಾಡ್ಲಿ. ಆಗೂತನಕ ಪೂರಾ ರೊಕ್ಕ ಕೈಯಾಗ ಇಡಬ್ಯಾಡ."

ಧೀರಜ ಎರಡಕ್ಕೂ ಒಪ್ಪಿದ. ಗಾಡಿ ಖಾಸಗಿ ಹೆಸರಿಗೆ ಆಗಲು ಒಂದೂವರೆ ತಿಂಗಳು ಹಿಡಿಯಿತು. ಫೆಬ್ರುವರಿಯ ಕೊನೆಗೆ ಇಬ್ಬರೂ ಮತ್ತೆ ಬಸ್ಸು ಹತ್ತಿ ಹೋದರು. ಬರುವಾಗ ಸಪ್ನಾ ಕಾರು ನಡೆಸಿದಳು, ದಿಗಂಬರ ಪಕ್ಕದಲ್ಲಿ ಕೂತ. ನಿಲಂಗಾ ಮುಟ್ಟುವವರೆಗೆ ಅವನು ಹೇಳಿದ್ದು ಎರಡೇ ಮಾತು, "ಗೇರ್ ಇಳಿಸು" ಮತ್ತು "ಅವಸರ ಇಲ್ಲ." ನಿಲಂಗಾದಲ್ಲಿ ಅವನ ಅಕ್ಕ ತುಳಜಾಬಾಯಿಯ ಮನೆ. ಇಷ್ಟು ದೂರ ಬಂದಿದ್ದೇನೆ, ಅಕ್ಕನನ್ನು ನೋಡಿ ನಾಳೆ ಬರುತ್ತೇನೆ ಎಂದು ಅವನು ಇಳಿದುಕೊಂಡ.

ಅಲ್ಲಿಂದ ಉಮರ್ಗಾಕ್ಕೆ ಅವಳೊಬ್ಬಳೇ. ಎರಡೂ ಕಡೆ ಕಡಲೆ ಕಿತ್ತು ಬರಿದಾದ ಹೊಲಗಳಿದ್ದವು. ಎದುರು ಲಾರಿ ಬಂದಾಗಲೆಲ್ಲ ಅವಳು ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸುತ್ತಿದ್ದಳು. ಪಾರ್ಲರಿನ ಮುಂದೆ ಗಾಡಿ ನಿಲ್ಲಿಸಿ ಇಳಿದು ಆಚೀಚೆ ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಹಂಚಲೆಂದು ದಾರಿಯಲ್ಲಿ ಕೊಂಡಿದ್ದ ಪೇಢೆಯ ಡಬ್ಬಿಯನ್ನು ಮೇಲೆ ಒಯ್ದು ಫ್ರಿಜ್ಜಿನಲ್ಲಿಟ್ಟಳು. ತಾನೇ ದಿನಕ್ಕೊಂದರಂತೆ ತಿಂದು ಮುಗಿಸಿದಳು.

ಆ ಬೇಸಿಗೆ ಲಗ್ನಗಳು ಬಹಳ ಇದ್ದವು. ಯೆಣೆಗೂರ, ನಿಲಂಗಾ, ಉದಗೀರ, ಎಲ್ಲಿಗೂ ಅವಳು ಹೊತ್ತಿಗೆ ಮುಂಚೆಯೇ ಮುಟ್ಟಿದಳು. ಪೆಟ್ಟಿಗೆಯನ್ನು ಪಕ್ಕದ ಸೀಟಿನ ಮೇಲಿಟ್ಟರೆ ಅದರ ಭಾರಕ್ಕೆ ಗಾಡಿ ಟಿಂವ್ ಟಿಂವ್ ಎನ್ನುತ್ತಿತ್ತು, ಯಾರೋ ಕೂತಿದ್ದಾರೆಂದು ಅದು ತಿಳಿಯುತ್ತಿತ್ತು. ಪೆಟ್ಟಿಗೆಗೂ ಬೆಲ್ಟು ಹಾಕಿದರೆ ಸುಮ್ಮನಾಗುತ್ತಿತ್ತು. ಸ್ಟೀರಿಂಗಿನ ಪಕ್ಕದ ಹಾಡಿನ ಪರದೆಯಲ್ಲಿ, ಹಿಂದೆ ಈ ಗಾಡಿ ಬಾಡಿಗೆಗೆ ಒಯ್ದವರು ಜೋಡಿಸಿದ್ದ ಫೋನುಗಳ ಹೆಸರುಗಳು ಹಾಗೇ ಉಳಿದಿದ್ದವು. ಮೀನಲ, ಗುರುಲಿಂಗಪ್ಪ ಪಾಟೀಲ, ಪಪ್ಪಾ, ಇನ್ನೂ ಏಳೆಂಟು. ಅಳಿಸುವುದು ಅವಳಿಗೆ ಗೊತ್ತಿತ್ತು, ಆದರೆ ಅಳಿಸಲಿಲ್ಲ. ಸಿಗ್ನಲ್ಲಿಗೆ ನಿಂತಾಗ ಒಂದೊಂದಾಗಿ ಓದುತ್ತಿದ್ದಳು.

ಬಸ್ಸಿನಲ್ಲಿ ಹೋಗುವಾಗ ಪೆಟ್ಟಿಗೆ ನೋಡಿ ಯಾರಾದರೂ ಕೇಳುತ್ತಿದ್ದರು, ಎಲ್ಲಿಯ ಲಗ್ನ, ಹುಡುಗಿ ಯಾರ ಪೈಕಿ, ಬಣ್ಣ ಹ್ಯಾಂಗದ ಎಂದು. ಆಗ ಅದು ಕಿರಿಕಿರಿ ಎನಿಸುತ್ತಿತ್ತು. ಈಗ ಮನೆಯ ಬಾಗಿಲಿಗೆ ಬೀಗ ಹಾಕಿದ ಕ್ಷಣದಿಂದ ಮದುವಣಗಿತ್ತಿಯ ಗದ್ದ ಹಿಡಿದು ಮೇಲೆತ್ತುವವರೆಗೆ ಒಂದು ಮಾತೂ ಇರುತ್ತಿರಲಿಲ್ಲ. ಕೆಲವೊಮ್ಮೆ ಮೊದಲ ಮಾತು ಆಡುವಾಗ ದನಿ ಕಟ್ಟಿಕೊಂಡು ಕೆಮ್ಮಬೇಕಾಗುತ್ತಿತ್ತು.

ತಿಂಗಳಿಗೊಮ್ಮೆ ಗಾಡಿಯನ್ನು ದಿಗಂಬರನಿಗೆ ತೋರಿಸುತ್ತಿದ್ದಳು. ಅವನು ಗಾಳಿ ನೋಡಿ, ಎಣ್ಣೆ ನೋಡಿ, "ಹೋಗು, ಛಲೋ ಅದ" ಅನ್ನುತ್ತಿದ್ದ. ಜೂನಿನಲ್ಲಿ ಹೋದಾಗ ಶೆಡ್ಡಿಗೆ ಬೀಗ ಬಿದ್ದಿತ್ತು.

"ಮಿಸ್ತ್ರಿಗಿ ಲಕ್ವಾ ಹೊಡದದ್ರಿ," ಅಂದ ಎದುರಿನ ಪಾನಪಟ್ಟಿಯವನು. "ಹದಿನೈದು ದಿನ ಆಯ್ತು. ಅವರ ಅಕ್ಕ ನಿಲಂಗಾಕ್ಕ ಕರಕೊಂಡು ಹೋಗ್ಯಾರ."

ಹದಿನೈದು ದಿನಗಳಲ್ಲಿ ಅವಳು ಮೂರು ಸಲ ನಿಲಂಗಾ ಹಾದು ಹೋಗಿದ್ದಳು. ಅಲ್ಲಿಂದಲೇ ಗಾಡಿಯನ್ನು ನಿಲಂಗಾದ ಕಡೆ ತಿರುಗಿಸಿದಳು.

ತುಳಜಾಬಾಯಿ ಎಪ್ಪತ್ತರ ಹತ್ತಿರದ ಹೆಂಗಸು. ಬಾಗಿಲಲ್ಲಿ ನಿಂತವಳು ಯಾರೆಂದು ಅವಳಿಗೆ ಗುರುತಾಗಲಿಲ್ಲ. ಒಳಗಿಂದ ದಿಗಂಬರನೇ ತೊದಲುತ್ತ ಹೇಳಿದ, "ಬಿಳಿ ಗಾಡಿ... ಆಕಿದು."

ಅವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಾಯಿ ಒಂದು ಕಡೆ ಎಳೆದಿತ್ತು. ಸಪ್ನಾ ಅವನ ಎದುರು ನೆಲದ ಮೇಲೆ ಕೂತಳು. ಅವನೇ ಕೇಳಿದ, "ಗಾಡಿ ಹ್ಯಾಂಗದ?"

"ಛಲೋ ಅದ ಕಾಕಾ."

"ತಾ ಇಲ್ಲಿ."

ಅವಳು ಗಾಡಿಯನ್ನು ಹೊಸ್ತಿಲ ಹತ್ತಿರ ತಂದು, ಬಾನೆಟ್ಟು ಎತ್ತಿ ಚಾಲೂ ಮಾಡಿದಳು. ತುಳಜಾಬಾಯಿ ಕುರ್ಚಿ ಹಾಕಿದಳು. ಅವನು ಎಡಗೈ ಚಾಚಿ ಬಾಡಿಯ ಅಂಚು ಮುಟ್ಟಿ ಬಹಳ ಹೊತ್ತು ಕೂತ. "ಇಂಜಿನ್ ಮೌಂಟಿಂಗ್," ಅಂದ ಕೊನೆಗೆ. "ರಬ್ಬರ್ ಹೋಗ್ಯಾದ. ನಡಗ್ಲತ್ಯಾದ. ಬದಲಿ ಮಾಡ್ಸು." ಅವಳಿಗೆ ಯಾವ ನಡುಕವೂ ಕಂಡಿರಲಿಲ್ಲ.

ಆಮೇಲೆ ಅವನು ಗ್ಯಾರೇಜು ನೋಡಬೇಕು ಅಂದ. ತುಳಜಾಬಾಯಿ ಬೇಡವೆಂದಳು, ಅವನು ಕೇಳಲಿಲ್ಲ. ಇಬ್ಬರೂ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ಪೆಟ್ಟಿಗೆ ಹಿಂದಕ್ಕೆ ಹೋಯಿತು. ಉಮರ್ಗಾದಲ್ಲಿ ಶೆಡ್ಡಿನ ಎದುರು ನಿಲ್ಲಿಸಿದಾಗ ಸಪ್ನಾ ಬೆಳಿಗ್ಗೆ ನೋಡದೇ ಬಿಟ್ಟದ್ದು ಕಾಣಿಸಿತು. ನಟ್ಟು ಬಿಚ್ಚುವ ಪಾನೆಗಳು, ಜಾಕು, ಹಳೆಯ ಟಾಯರುಗಳನ್ನು ಜಾಗದ ಮಾಲಕ ಗೋಣಿಚೀಲದಲ್ಲಿ ತುಂಬಿಸಿ ಪಕ್ಕದ ಗೋಡೆಯ ಹೊರಗೆ ಸಾಲಾಗಿ ಇಡಿಸಿದ್ದ. ಅದೇ ಗೋಡೆಯ ಮೇಲೆ ಬಾಡಿಗೆಗೆ ಇದೆ ಎಂಬ ಮರಾಠಿ ಚೀಟಿ ಅಂಟಿತ್ತು.

"ಇಳೀತೀರೇನು ಕಾಕಾ?"

ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಎರಡು ಲಾರಿ ಹಾದು ಹೋಗುವಷ್ಟು ಹೊತ್ತು ನೋಡಿದ. "ನಡಿ," ಅಂದ.

ಹಿಂದಿರುಗುವ ದಾರಿಯಲ್ಲಿ, ಕಾಸಾರ ಶಿರಶಿ ದಾಟಿದ ಮೇಲೆ, ತಡೆದು ತಡೆದು ಕೇಳಿದ, "ಈ ಗಾಡಿ ತಗೋ ಅಂದದ್ದು... ತಪ್ಪಾಯ್ತೇನು?"

"ಇಲ್ರಿ. ಒಂದು ದಿನಾನೂ ಕೈಕೊಟ್ಟಿಲ್ಲ." ಮುಂದಿನ ಟ್ರ್ಯಾಕ್ಟರನ್ನು ಹಿಂದೆ ಹಾಕಿ ಅವಳು ಹೇಳಿದಳು, "ಒಬ್ಬಾಕಿನ ಕೂಡೂದು ಬ್ಯಾಸರ ಆಗ್ತದ. ಬಸ್ಸಿನಾಗ ಯಾರರೆ ಮಾತಾಡಸ್ತಿದ್ರು."

ದಿಗಂಬರ ಕಿಟಕಿಯ ಕಡೆ ನೋಡುತ್ತಿದ್ದ. "ನಾ ಬರ್ತಿದ್ದೆ," ಅಂದ. "ನೀ ಕೇಳಲಿಲ್ಲ."

ಅವಳು ಗೇರು ಬದಲಿಸಿದಳು. ಪ್ರತಿ ತಿಂಗಳೂ ಆ ಸ್ಟೂಲಿನ ಮೇಲೆ ಅರ್ಧ ತಾಸು ಕೂತಿದ್ದಳು. ಅವನು ಶೆಡ್ಡಿನಲ್ಲಿ ಒಬ್ಬನೇ ಡಬ್ಬಿ ಬಿಚ್ಚಿ ಉಣ್ಣುವುದನ್ನು ನೋಡಿದ್ದಳು. ಕೇಳಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮುಂದಿನ ರವಿವಾರ ಅವಳು ಅಕ್ಕ-ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಡ್ಯಾಮು ನೋಡಲು ಮಾಕಣಿಗೆ ಹೋದಳು. ಡ್ಯಾಮಿನಲ್ಲಿ ಇನ್ನೂ ನೀರು ಅರ್ಧಕ್ಕೆ ಬಂದಿರಲಿಲ್ಲ. ಗಾಡಿಯ ಬಾಗಿಲು ತೆರೆದಿಟ್ಟು ದಿಗಂಬರ ನೀರಿನ ಕಡೆ ಮುಖ ಮಾಡಿ ಕೂತ. ತುಳಜಾಬಾಯಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಿಚ್ಚಿದಳು. ರೊಟ್ಟಿ ಮುರಿದು ಅವನ ಎಡಗೈಗೆ ಕೊಡುತ್ತ ತುಳಜಾಬಾಯಿ ತನ್ನ ಲಗ್ನದ ಕಥೆ ಹೇಳಿದಳು, ಆಗ ಮುಖಕ್ಕೆ ಅರಿಶಿನ ಬಿಟ್ಟು ಬೇರೇನೂ ಹಚ್ಚುತ್ತಿರಲಿಲ್ಲ ಎಂದಳು. ಸಪ್ನಾ ಪೆಟ್ಟಿಗೆ ತಂದು ಅವಳ ಹಣೆಗೆ ವಿಭೂತಿಯ ಕೆಳಗೆ ಒಂದು ಸಣ್ಣ ಬೊಟ್ಟಿಟ್ಟು, ತುಟಿಗೆ ತೆಳುವಾಗಿ ಬಣ್ಣ ತಾಗಿಸಿದಳು. ತುಳಜಾಬಾಯಿ ಕನ್ನಡಿ ನೋಡಿಕೊಂಡು ತಕ್ಷಣ ಸೆರಗಿನಿಂದ ಒರೆಸಿಕೊಂಡಳು. ದಿಗಂಬರ ಅರ್ಧ ಬಾಯಿಯಿಂದ ನಕ್ಕ. ಮಳೆಮೋಡ ಬಂದಾಗ ಹೊರಟರು.

ಜುಲೈಯಲ್ಲಿ ತುಳಜಾಬಾಯಿಯ ಮಗ ಸೋಲಾಪುರದಿಂದ ಬಂದು, ಅಲ್ಲಿ ವ್ಯಾಯಾಮದ ಡಾಕ್ಟರು ಹತ್ತಿರವಿದ್ದಾರೆಂದು ಇಬ್ಬರನ್ನೂ ಕರೆದೊಯ್ದ. ಮನೆಗೆ ಬೀಗ ಹಾಕುವಾಗ ಸಪ್ನಾ ಅಲ್ಲಿದ್ದಳು. ಅವರ ಹಾಸಿಗೆ ಕಟ್ಟನ್ನು ಮಗನ ಗಾಡಿಯಲ್ಲಿ ಇಟ್ಟವಳೂ ಅವಳೇ. ಸೋಲಾಪುರ ದೂರವೇನಲ್ಲ, ಬರುತ್ತಿರುತ್ತೇನೆ ಎಂದಳು. ಒಂದು ಸಲ ಹೋಗಿಯೂ ಬಂದಳು. ಮೂರನೆಯ ಮಹಡಿಯ ಮನೆಯಲ್ಲಿ ಸೊಸೆ ಚಹಾ ಕೊಟ್ಟಳು, ಮಗ ಟೀವಿ ನೋಡುತ್ತಿದ್ದ. ನೀವು ಇವರಿಗೆ ಏನಾಗಬೇಕು ಎಂದು ಸೊಸೆ ಕೇಳಿದಾಗ ಸಪ್ನಾ ಕಪ್ಪು ಕೆಳಗಿಟ್ಟಳು. "ಗಿರಾಕಿ" ಎಂದಳು. ಮತ್ತೆ ಹೋಗಲಿಲ್ಲ.

ಮೌಂಟಿಂಗನ್ನು ಬೇರೊಬ್ಬ ಮಿಸ್ತ್ರಿ ಬದಲಿಸಿದ. ರಬ್ಬರು ನಿಜವಾಗಿಯೂ ಹರಿದಿತ್ತು. ಆಮೇಲೆ ಗಾಡಿಗೆ ಯಾವ ತಕರಾರೂ ಬರಲಿಲ್ಲ.

ಈಗ ಅವಳು ಹದಿನೈದು ದಿನಕ್ಕೊಮ್ಮೆ ಸೋಲಾಪುರಕ್ಕೆ ಫೋನು ಮಾಡುತ್ತಾಳೆ. ತುಳಜಾಬಾಯಿ ಫೋನನ್ನು ತಮ್ಮನ ಕಿವಿಗೆ ಹಿಡಿಯುತ್ತಾಳೆ. ಆರಾಮ ಅದೀರೇನು, ಊಟ ಆಯ್ತೇನು ಎಂದರೆ ಅವನು ಬರೀ "ಹ್ಞಾಂ" ಅನ್ನುತ್ತಾನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಒಂದು ದಿನ, ಉದಗೀರದ ಲಗ್ನ ಮುಗಿಸಿ ಬರುತ್ತ ರಸ್ತೆಯ ಪಕ್ಕ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಅವಳು ಒಂದು ಸುಳ್ಳು ಹೇಳಿದಳು.

"ಕಾಕಾ, ಎಡಗಡಿ ಮುಂದಿನ ಗಾಲಿ ಹತ್ರ ಏನೋ ಕರಕರ ಅಂತದ."

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ತಿರುಗುವಾಗ ಅಷ್ಟೇನು... ಸೀದಾ ಹೋಗುವಾಗನೂ?"

"ತಿರುಗುವಾಗ," ಅಂದಳು ಸಪ್ನಾ. ಇಂಜಿನ್ನು ಬಂದ್ ಮಾಡಿ, ಕಿಟಕಿಯ ಗಾಜು ಏರಿಸಿ, ಅವನು ಒಂದೊಂದೇ ಪದ ಹುಡುಕಿ ಹೇಳುವುದನ್ನು ಕೇಳುತ್ತ ಕೂತಳು.