ಅತ್ತೆ ಆಟ ಕಲಿತದ್ದು

ಅತ್ತೆ ಸೊಸೆ ಜಗಳವಾಡಿದರೆ ಊರಿಗೆಲ್ಲ ಸುದ್ದಿ. ಜಗಳವೇ ಆಡದಿದ್ದರೆ ಆ ಸಂಕಟ ಯಾರ ಕಣ್ಣಿಗೂ ಬೀಳುವುದಿಲ್ಲ. ಶಾಲೆಯ ಬಸ್ಸು ಓಡಿಸುವ ಈ ಅತ್ತೆಯದು ಅಂಥ ಸಂಕಟ. ಮಗ ಹಡಗಿನ ಕೆಲಸದವನು, ತಿಂಗಳುಗಟ್ಟಲೆ ನೀರಿನ ಮೇಲೆ. ಮನೆಯಲ್ಲಿ ಅವಳು, ಮತ್ತು ಕನ್ನಡಕದ ಅಂಗಡಿಗೆ ಹೋಗಿಬರುವ ಸೊಸೆ. "ಊಟ ಆಯ್ತಾ ಅತ್ತೆ?" "ಆಯ್ತಮ್ಮ." ಅಷ್ಟೇ. ಲಾಡ್ಜಿನಲ್ಲಿ ಪಕ್ಕದ ರೂಮಿನವರು ಕೂಡ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಆದರೆ ಸಂಜೆ ಸೊಸೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ ಮುಗಿಯಿತು, ಬಾಯಿಗೆ ಬೀಗವೇ ಇಲ್ಲ. ಅದೊಂದು ಆನ್‌ಲೈನ್ ಯುದ್ಧದಾಟ: ಐದು ಜನರ ತಂಡ, ಎದುರಿಗೆ ಇನ್ನೈದು ಜನ, ಯಾರ ಕೋಟೆ ಮೊದಲು ಬೀಳುತ್ತದೋ ಅವರು ಸೋತಂತೆ. ಅವಳು ಬೈಯುವುದೇನು, ನಗುವುದೇನು! ಬಾಗಿಲ ಸಂದಿಯಲ್ಲಿ ಕೇಳುತ್ತಿದ್ದ ಅತ್ತೆಗೆ ಹೊಟ್ಟೆಕಿಚ್ಚಾಯಿತು. ತಂಡದವರೊಬ್ಬರು ಬಿಟ್ಟುಹೋದ ದಿನ ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು: "ನಂಗೂ ಕಲಿಸ್ತೀಯಾ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆ ಟೀಚರಾದಳು. ಮಗನ ಹಳೆಯ ಲ್ಯಾಪ್‌ಟಾಪು ಅದೇ ಮೇಜಿಗೆ ಬಂತು. ಅತ್ತೆಗೆ ಸಿಕ್ಕಿದ್ದು ಜೊತೆಯವರ ಗಾಯ ವಾಸಿ ಮಾಡುವ ವೈದ್ಯೆಯ ಪಾತ್ರ.

"ಓಡೋರ ಬೆನ್ನಟ್ಟಬೇಡಿ ಅತ್ತೆ. ಮೂಲೇಲಿರೋ ಮ್ಯಾಪ್ ಆಗಾಗ ನೋಡ್ತಿರಿ. ಗುಂಪಿನ ಹಿಂದೇನೇ ಇರಿ. ಗೆಲ್ಲೋದು ಆಮೇಲೆ, ಮೊದ್ಲು ಸಾಯದೇ ಇರೋದು ಕಲೀರಿ." ಕೊನೆಯ ಮಾತನ್ನು ಒತ್ತಿ ಹೇಳಿದಳು: "ಸಿಕ್ಕಿಹಾಕಿಕೊಂಡೋರನ್ನ ಬಿಟ್ಟುಬಿಡಿ. ಸತ್ತರೂ ಸ್ವಲ್ಪ ಹೊತ್ತಲ್ಲಿ ಮತ್ತೆ ಹುಟ್ತಾರೆ. ನೀವೂ ಹೋದ್ರೆ ಕೋಟೆ ಕಾಯೋಕೆ ಜನ ಸಾಲಲ್ಲ."

ಅತ್ತೆ ಎಲ್ಲ ಕಲಿತಳು, ಅದೊಂದು ಬಿಟ್ಟು. ಬಸ್ಸಿಗೆ ಬೀಗ ಹಾಕುವ ಮುನ್ನ ಹಿಂದಿನ ಸೀಟಿನ ತನಕ ನಡೆದು, ಯಾವ ಮಗುವಾದರೂ ನಿದ್ದೆಹೋಗಿದೆಯೇ ಎಂದು ಬಗ್ಗಿ ನೋಡದೆ ಇಳಿದವಳಲ್ಲ ಅವಳು. ಹುಟ್ಟುಗುಣ ಸುಟ್ಟರೂ ಹೋಗದು. ಯಾರು ಸಿಕ್ಕಿಕೊಂಡರೂ ಓಡಿದಳು, ಅವರ ಜೊತೆಗೆ ತಾನೂ ಸತ್ತಳು. ದನಿ ಬಿಟ್ಟರೆ ಮುಖ ತೋರಿಸದ ತಂಡದ ನಾಯಕ ಒಂದು ದಿನ ಕಡ್ಡಿ ಮುರಿದಂತೆ ಹೇಳಿದ: "ಇವತ್ತು ಸೋತ್ರೆ ಆ ಜಾಗಕ್ಕೆ ಬೇರೆಯವರನ್ನ ಹಾಕ್ಕೋತೀವಿ."

ಜಾಗ ಹೋದರೆ ಮತ್ತೆ ಅದೇ "ಊಟ ಆಯ್ತಾ". ಆ ಮಾತಿಗೆ ಅತ್ತೆ ನಿಜವಾಗಿ ಹೆದರುತ್ತಿದ್ದಳು.

ಅವತ್ತು ಗೆಲುವು ಕೈಗೆಟುಕುವಷ್ಟು ಹತ್ತಿರವಿತ್ತು. "ಎಲ್ಲರೂ ಕೋಟೆಗೆ ವಾಪಸ್!" ಎಂದ ನಾಯಕ. ನಾಲ್ವರು ಬಂದರು. ಸೊಸೆ ಮಾತ್ರ ಸೇತುವೆಯಾಚೆ ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದಳು. "ಬರಬೇಡಿ ಅತ್ತೆ, ಬರಬೇಡಿ!" ಎಂದು ಪಕ್ಕದ ಕುರ್ಚಿಯಿಂದಲೇ ಕಿರುಚಿದಳು. ಅತ್ತೆ ಹೋದಳು. ಇಬ್ಬರೂ ಸತ್ತರು. ಮತ್ತೆ ಹುಟ್ಟಿಬರುವಷ್ಟರಲ್ಲಿ ಕೋಟೆ ಬಿದ್ದಿತ್ತು.

"ಆ ಮುದುಕಿ ತಲೇಲಿ ಏನಿದೆ..." ಎಂದು ನಾಯಕ ಶುರುಮಾಡಿದ.

"ಏಯ್, ನಿಲ್ಸು!" ಎಂದಳು ಸೊಸೆ. "ನಮ್ಮತ್ತೇನ ಬೈಯೋಕೆ ನಾನಿದೀನಿ. ನೀನ್ಯಾರು?"

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದು, ಕುರ್ಚಿ ತಿರುಗಿಸಿ, ಹೇಳಿದ ಕೆಲಸಕ್ಕೆ ಕೈಹಾಕಿಯೇಬಿಟ್ಟಳು. "ಎಷ್ಟು ಸಲ ಬಡ್ಕೊಂಡೆ ನಿಮ್ಗೆ? ಬರಬೇಡಿ ಅಂದ್ರೆ ಬರಬೇಡಿ! ಗೋಡೆಗೆ ಹೇಳಿದ್ರೂ ಕೇಳ್ತಿತ್ತು!"

ಅತ್ತೆಯನ್ನು ಯಾರಾದರೂ ಇಷ್ಟು ಮನಸಾರೆ ಬೈದು ಎಷ್ಟು ಕಾಲವಾಗಿತ್ತೋ! ಖುಷಿ ತಡೆಯಲಾರದೆ ಅವಳೂ ಎದ್ದು ಸೊಂಟಕ್ಕೆ ಕೈಯಿಟ್ಟಳು.

"ನೀನು ಒಬ್ಬಳೇ ಆ ಸೇತುವೆ ದಾಟಿ ಯಾಕೆ ಹೋದೆ? ಯಾರು ಕರೆದಿದ್ರು ನಿನ್ನ? ಮೊದ್ಲು ಅದನ್ನ ಹೇಳು!"

"ಅದು ಬೇರೆ ವಿಷಯ!"

"ಏನು ಬೇರೆ?"

ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಹರಿಯಿತು. ಎದ್ದು ಹೋಗಿ ಆರಿಸುವಷ್ಟು ಪುರಸೊತ್ತು ಇಬ್ಬರಿಗೂ ಇರಲಿಲ್ಲ.